ಚುಂಗಾಣಿಯ ಹೊಗೆ, ಕಾನೂನಿನ ಗೆರೆ ಮತ್ತು ನಮ್ಮ ಅಡಿಕೆ

ಕಾಫಿ ಮತ್ತು ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ತಂಬಾಕಿನ ಮಾತೇಕೆ ಎಂದು ಕೆಲವು ಸದಸ್ಯರು ಹುಬ್ಬೇರಿಸಬಹುದು. ಬೋರ್ಡೊ ದ್ರಾವಣ, ಬೇರುಹುಳು, ಕಾಂಡಕೊರಕ, ಮಂಡಿಯ ಧಾರಣೆ ಇವುಗಳ ನಡುವೆ ಹೊಗೆಸೊಪ್ಪಿಗೆ ಎರಡು ಪುಟ ಬಿಟ್ಟುಕೊಡುವುದು ನಮಗೂ ರೂಢಿಯಿಲ್ಲ. ಆದರೆ ಕರ್ನಾಟಕದಲ್ಲಿ ತಂಬಾಕಿನ ಕಾನೂನು 2025ರ ಮೇ ತಿಂಗಳಿನಿಂದ ಬಿಗಿಯಾದ ಮೇಲೆ ಸಂಘದ ಕಚೇರಿಗೆ ಬರುವವರ ಬಾಯಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. ಐವತ್ತು ವರ್ಷದಿಂದ ಚುಂಗಾಣಿ ಸೇದುತ್ತ ಬಂದ ಹಿರಿಯರು, "ನನ್ನ ಬಾಯಿ, ನನ್ನ ಹೊಗೆ, ಸರ್ಕಾರಕ್ಕೇನು ಬಂತು?" ಎನ್ನುತ್ತಾರೆ. ಮಗನಿಗೆ ತೋಟ ವಹಿಸಿಕೊಟ್ಟ ಇನ್ನೊಬ್ಬರು, "ಇವತ್ತು ಹೊಗೆಸೊಪ್ಪು, ನಾಳೆ ಅಡಿಕೆ ಅಲ್ಲವೇ?" ಎಂದು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ನೇರ ಉತ್ತರ ಕೊಡದೆ ಎರಡನೆಯದಕ್ಕೆ ಉತ್ತರ ಸಿಕ್ಕುವುದಿಲ್ಲ. ಆದುದರಿಂದ ಈ ಲೇಖನ.

ತಂಬಾಕು ಮತ್ತು ಅರಸೊತ್ತಿಗೆಯ ನಡುವಣ ಜಗಳ ಇಂದು ನಿನ್ನೆಯದಲ್ಲ. ಅದರ ಭಾರತೀಯ ಅಧ್ಯಾಯ ಆರಂಭವಾಗುವುದು ನಮ್ಮ ಬಿಜಾಪುರದಿಂದಲೇ ಎಂಬುದು ಹಲವರಿಗೆ ತಿಳಿಯದು. ಅಕ್ಬರನ ಮಗ ದಾನಿಯಾಲನಿಗೆ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ತರುವ ಸಂಬಂಧದ ಕಾರ್ಯಕ್ಕಾಗಿ 1603-04ರ ಸುಮಾರಿಗೆ ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರಕ್ಕೆ ಬಂದಿದ್ದ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದಿಳಿಸಿದ ತಂಬಾಕು ಅಷ್ಟರಲ್ಲಿ ಘಟ್ಟ ಹತ್ತಿ ಬಿಜಾಪುರದ ಪೇಟೆಗೆ ಬಂದಾಗಿತ್ತು. ಉತ್ತರದಲ್ಲಿ ಎಲ್ಲಿಯೂ ಕಾಣದಿದ್ದ ಈ ಸರಕನ್ನು ಅಸದ್ ಬೇಗ್ ಕೊಂಡುಕೊಂಡ, ರತ್ನ ಕೂರಿಸಿದ ಚೆಂದದ ಸೇದುಕೊಳವೆಯೊಂದನ್ನು ಸಿದ್ಧಪಡಿಸಿದ. ನಮ್ಮ ಓದುಗರಿಗೆ ಸ್ವಾರಸ್ಯವೆನಿಸುವ ಸಂಗತಿ ಮುಂದಿನದು. ಆ ತಂಬಾಕನ್ನು ಅವನು ತುಂಬಿಕೊಂಡು ಹೋದದ್ದು ಆದಿಲ್‌ಶಾಹ ತನಗೆ ಉಡುಗೊರೆ ಕೊಟ್ಟಿದ್ದ ತಾಂಬೂಲದ ಸಂಚಿಯಲ್ಲಿ! ಎಲೆಅಡಿಕೆಯ ಸಂಚಿಗೆ ಹೊಗೆಸೊಪ್ಪು ಹೊಕ್ಕ ಕಥೆ ಅಷ್ಟು ಹಳೆಯದು. ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಆಗ್ರಾದಲ್ಲಿ ಅಕ್ಬರ್ ಎರಡು ಮೂರು ದಮ್ಮು ಎಳೆದನಂತೆ. ಆಸ್ಥಾನದ ಹಕೀಮರು ಗಾಬರಿಯಾಗಿ ತಡೆದರು. ಪರೀಕ್ಷೆಯಾಗದ ಪದಾರ್ಥವನ್ನು ಬಾದಶಹರಿಗೆ ಕೊಡುವುದು ಹೇಗೆ, ಫರಂಗಿಗಳು ಸೇದಿದರೆಂದು ನಾವೂ ಸೇದಬೇಕೆ ಎಂಬುದು ಅವರ ವಾದ. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂಬುದು ಅಸದ್ ಬೇಗನ ಪ್ರತಿವಾದ. ಅಕ್ಬರ್ ಅಸದ್ ಬೇಗನ ಮಾತನ್ನು ಮೆಚ್ಚಿಕೊಂಡ, ಆದರೆ ತಾನು ಮಾತ್ರ ಸೇದುವುದನ್ನು ರೂಢಿಸಿಕೊಳ್ಳಲಿಲ್ಲ. ಸರದಾರರು ಹಿಡಿದರು, ವರ್ತಕರು ಮಾರಾಟಕ್ಕಿಳಿದರು. ಆರೋಗ್ಯಶಾಸ್ತ್ರ ಒಂದು ಕಡೆ, ಶೋಕಿ ಮತ್ತೊಂದು ಕಡೆ, ನಡುವೆ ವ್ಯಾಪಾರ. ನಾನೂರು ವರ್ಷಗಳ ಹಿಂದಿನ ಈ ಚರ್ಚೆಗೆ ಇಂದಿನ ನ್ಯಾಯಾಲಯಗಳಲ್ಲಿ ಸೇರಿದ ಹೊಸ ಮಾತು ಬಹಳವಿಲ್ಲ, ಹೊಸದಾಗಿ ಸೇರಿದ್ದು ಸಾಕ್ಷ್ಯ.

ಅಕ್ಬರನ ಮಗ ಜಹಾಂಗೀರ 1617ರಲ್ಲಿ ತಂಬಾಕು ಸೇದುವುದನ್ನು ನಿಷೇಧಿಸಿದ. ಇರಾನಿನ ಷಾ ಅಬ್ಬಾಸನೂ ನಿಷೇಧಿಸಿದ್ದ. ಆದರೆ ಜಹಾಂಗೀರನ ರಾಯಭಾರಿಯಾಗಿ ಇರಾನಿಗೆ ಹೋದ ಖಾನ್ ಆಲಂ ಒಂದು ಗಳಿಗೆಯೂ ಹೊಗೆಯಿಲ್ಲದೆ ಇರಲಾರದವನು. ಅವನಿಗೆ ಮಾತ್ರ ಷಾ ವಿನಾಯಿತಿ ಕೊಟ್ಟ. ಇಂಗ್ಲೆಂಡಿನ ಒಂದನೆಯ ಜೇಮ್ಸ್ 1604ರಲ್ಲಿ ತಂಬಾಕನ್ನು ಹಳಿದು ಸ್ವತಃ ಪುಸ್ತಿಕೆ ಬರೆದ, ಪೌಂಡಿಗೆ 2 ಪೆನ್ಸ್ ಇದ್ದ ಸುಂಕವನ್ನು 6 ಶಿಲಿಂಗ್ 10 ಪೆನ್ಸಿಗೆ ಏರಿಸಿದ. ತುರ್ಕಿಯ ನಾಲ್ಕನೆಯ ಮುರಾದ್ 1633ರಲ್ಲಿ ಸೇದಿದವನಿಗೆ ಮರಣದಂಡನೆಯನ್ನೇ ವಿಧಿಸಿದ. ಈ ಮಹಾರಾಯ ಕಾಫಿ ಅಂಗಡಿಗಳನ್ನೂ ಮುಚ್ಚಿಸಿದವನು.

ಕಾಫಿಯ ಮಾತು ಬಂದದ್ದರಿಂದ ಅದನ್ನೂ ಇಲ್ಲೇ ಹೇಳಿಬಿಡುತ್ತೇವೆ. 1511ರಲ್ಲಿ ಮೆಕ್ಕಾದ ಅಧಿಕಾರಿ ಕಾಫಿ ಕುಡಿಯುವುದನ್ನು ನಿಲ್ಲಿಸಿದ್ದ. 1675ರ ಡಿಸೆಂಬರ್ 29ರಂದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಬೇಕೆಂದು ಘೋಷಿಸಿ, ಜನರ ಕೂಗಿಗೆ ಹೆದರಿ, ಆಜ್ಞೆ ಜಾರಿಗೆ ಬರುವ ಮುನ್ನವೇ ಜನವರಿ 8ರಂದು ಹಿಂತೆಗೆದುಕೊಂಡ. ಪ್ರಷ್ಯದ ಫ್ರೆಡರಿಕ್ ಮಹಾಶಯ 1781ರಲ್ಲಿ ಕಾಫಿ ಹುರಿಯುವುದನ್ನು ಸರ್ಕಾರದ ಏಕಸ್ವಾಮ್ಯ ಮಾಡಿ, ಯಾರ ಮನೆಯಲ್ಲಿ ಕದ್ದು ಹುರಿಯುತ್ತಿದ್ದಾರೆಂದು ಮೂಸಿ ನೋಡಲು ಯುದ್ಧದಲ್ಲಿ ಗಾಯಗೊಂಡ ಮಾಜಿ ಸೈನಿಕರನ್ನು ನೇಮಿಸಿದ್ದ. ಬೀದಿಯಲ್ಲಿ ನಿಂತು ಮೂಗರಳಿಸುವ ಅಮಲ್ದಾರರನ್ನು ನೆನೆದರೆ ನಗು ಬರುತ್ತದೆ. ಆದರೆ ಮನೆಯೊಳಗಿನ ಒಲೆಯವರೆಗೆ ಕೈ ಚಾಚುವ ಸರ್ಕಾರ ಹೇಗಿರುತ್ತದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಹೊಗೆ ಸೇದುವುದೇ ಸ್ವಾತಂತ್ರ್ಯದ ಗುರುತಾದ ಪ್ರಸಂಗವೂ ಉಂಟು. ಬರ್ಲಿನ್ ನಗರದ ಬೀದಿಗಳಲ್ಲಿ ಸೇದುವುದಕ್ಕೆ ಇದ್ದ ನಿಷೇಧವನ್ನು ತೆಗೆಸಿಕೊಂಡದ್ದು 1848ರ ಕ್ರಾಂತಿಯ ಕಾಲದಲ್ಲಿ ಜನ. ಅದೇ ವರ್ಷದ ಜನವರಿಯಲ್ಲಿ ಇಟಲಿಯ ಮಿಲಾನಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಆಸ್ಟ್ರಿಯಾ ಸರ್ಕಾರಕ್ಕೆ ತಂಬಾಕಿನ ತೆರಿಗೆ ಸಲ್ಲಬಾರದೆಂದು ಅಲ್ಲಿಯವರು ಸೇದುವುದನ್ನೇ ಬಿಟ್ಟರು. ಕೆಣಕಲೆಂದು ಸೈನಿಕರು ಚುಟ್ಟ ಸೇದುತ್ತ ಬೀದಿ ತಿರುಗಿದಾಗ ಗಲಭೆಯಾಗಿ ಪ್ರಾಣಗಳು ಹೋದವು. ಇರಾನಿನ ಪ್ರಸಂಗ ಬೆಳೆಗಾರರಾದ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಷಾ 1890ರಲ್ಲಿ ಇಡೀ ದೇಶದ ತಂಬಾಕನ್ನು ಕೊಳ್ಳುವ, ಮಾರುವ, ರಫ್ತು ಮಾಡುವ ಹಕ್ಕನ್ನು ಒಬ್ಬ ಇಂಗ್ಲಿಷ್ ಮೇಜರನಿಗೆ ಬರೆದುಕೊಟ್ಟ. ಬೆಳೆದವನು ತನ್ನ ಸರಕನ್ನು ಒಬ್ಬನಿಗೇ ಕೊಡಬೇಕು, ಅವನು ಹೇಳಿದ ಧಾರಣೆಗೇ ಕೊಡಬೇಕು. 1891ರ ಡಿಸೆಂಬರಿನಲ್ಲಿ ಮಿರ್ಜಾ ಶಿರಾಜಿ ಎಂಬ ಧರ್ಮಗುರುವಿನ ಹೆಸರಲ್ಲಿ ತಂಬಾಕು ಬಿಡಬೇಕೆಂಬ ಆಜ್ಞೆ ಹೊರಟಿತು. ಜನ ಹುಕ್ಕಾಗಳನ್ನು ಮೂಲೆಗಿಟ್ಟರು, ಷಾನ ಅಂತಃಪುರದಲ್ಲಿಯೂ ಹೊಗೆ ಆರಿತು. ಮುಂದಿನ ತಿಂಗಳೇ ಗುತ್ತಿಗೆ ರದ್ದಾಯಿತು. ಸಹಕಾರಿ ಸಂಘವೆಂದರೇನೆಂದು ಕೇಳುವ ಯುವಕರಿಗೆ ನಾವು ಈ ಕಥೆಯನ್ನು ಹೇಳುವುದುಂಟು.

ಹೊಗೆಯ ಹಿಂದಿನ ರಸಾಯನ

ರಾಜರ ಇಷ್ಟಾನಿಷ್ಟಗಳಿಂದ ಹೊರಟ ನಿಷೇಧಗಳು ಒಂದೂ ನಿಲ್ಲಲಿಲ್ಲ. ಇಂದಿನ ಕಾನೂನು ನಿಂತಿರುವುದು ಬೇರೆ ಅಡಿಪಾಯದ ಮೇಲೆ. 1950ರಲ್ಲಿ ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್ ಎಂಬಿಬ್ಬರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದರು. 1962ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್, 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿಗಳು ಅದನ್ನು ಸ್ಥಿರಪಡಿಸಿದವು. ಚುಂಗಾಣಿಯವರು ಇಂದಿಗೂ ಎದೆಗವಚಿಕೊಳ್ಳುವುದು ಈ 1964ರ ವರದಿಯನ್ನೇ. ಚುಂಗಾಣಿ ಸೇದುವವರ ಮರಣ ಪ್ರಮಾಣ ಸೇದದವರಿಗಿಂತ ಹೆಚ್ಚೇನೂ ಇಲ್ಲವೆಂದು ಅದರಲ್ಲಿದೆ, ನಿಜ. ಆದರೆ ಅದೇ ವರದಿ ಚುಂಗಾಣಿಯನ್ನು ತುಟಿಯ ಕ್ಯಾನ್ಸರಿನ ಕಾರಣವೆಂದು ಹೆಸರಿಸಿದೆ. ಅನಂತರದ ಅಧ್ಯಯನಗಳಲ್ಲಿ ಬಾಯಿ, ಗಂಟಲು, ಶ್ವಾಸಕೋಶ ಮೂರೂ ಸೇರಿದವು. ಸಿಗರೇಟಿಗಿಂತ ಕಡಿಮೆ ಎನ್ನಬಹುದು, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ವ್ಯತ್ಯಾಸ ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಕವಳಕ್ಕೂ ಅನ್ವಯಿಸುತ್ತದೆ. ಬ್ಯಾರನ್ನಿನಲ್ಲಿ ಬಿಸಿಗಾಳಿಯಿಂದ ಹದಮಾಡಿದ ವರ್ಜೀನಿಯಾ ಸೊಪ್ಪಿನಲ್ಲಿ, ಅಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ಜಾತಿಯಲ್ಲಿ, ಸಕ್ಕರೆಯ ಅಂಶ ಉಳಿದಿರುತ್ತದೆ, ಅದರ ಹೊಗೆ ಹುಳಿ ಗುಣದ್ದು. ಹುಳಿ ಹೊಗೆಯಲ್ಲಿನ ನಿಕೋಟಿನ್ ಬಾಯಿಯ ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಆದುದರಿಂದ ಸಿಗರೇಟಿನವನು ಹೊಗೆಯನ್ನು ಎದೆಯೊಳಗೆ ಎಳೆಯಲೇಬೇಕು. ನೆರಳಿನ ಗಾಳಿಯಲ್ಲಿ ಒಣಗಿಸಿದ ಚುಟ್ಟ, ಚುಂಗಾಣಿಗಳ ಸೊಪ್ಪಿನ ಹೊಗೆ ಸಾಮಾನ್ಯವಾಗಿ ಕ್ಷಾರ ಗುಣದ್ದು. ನಿಕೋಟಿನ್ ಬಾಯಿಯಲ್ಲೇ ಇಳಿಯುತ್ತದೆ, ಎದೆಗೆ ಎಳೆಯುವ ಅಗತ್ಯವಿಲ್ಲ. ಹೀಗಾಗಿ ಒಬ್ಬನ ಎದೆಗೆ ಬೀಳುವ ಪೆಟ್ಟು ಇನ್ನೊಬ್ಬನ ಬಾಯಿಗೆ ಬೀಳುತ್ತದೆ.

ಕವಳಕ್ಕೆ ಸುಣ್ಣ ಹಚ್ಚುವುದೂ ಇದೇ ಕೆಲಸಕ್ಕೆ. ಸುಣ್ಣದ ಕ್ಷಾರ ಅಡಿಕೆಯ ಸತ್ತ್ವವನ್ನು, ಹೊಗೆಸೊಪ್ಪಿನ ಎಸಳಿದ್ದರೆ ಅದರ ನಿಕೋಟಿನ್ನನ್ನೂ, ಬಿಡಿಸಿ ಕೆನ್ನೆಯ ಒಳಪೊರೆಗೆ ಇಳಿಸುತ್ತದೆ. ಸುಣ್ಣವಿಲ್ಲದ ಕವಳ ಏರುವುದಿಲ್ಲವೆಂದು ಅಜ್ಜಿ ಹೇಳುತ್ತಿದ್ದುದು ಬರಿಯ ರುಚಿಯ ಮಾತಲ್ಲ.

ಇನ್ನು ಪಕ್ಕದವನ ಪ್ರಶ್ನೆ. ಚುಂಗಾಣಿಯವನು ಎದೆಗೆಳೆಯದೆ ಹೊರಗೆ ಬಿಟ್ಟ ಹೊಗೆ, ಬಟ್ಟಲಿನಿಂದ ತಾನಾಗಿ ಏಳುವ ಹೊಗೆ, ಎರಡೂ ಕೋಣೆಯ ಗಾಳಿಗೇ ಸೇರುತ್ತವೆ. ಅವನಿಗೆ ಕಡಿಮೆ ಹಾನಿ ಎಂಬ ಕಾರಣಕ್ಕೆ ಪಕ್ಕದಲ್ಲಿ ಕೂತ ಹೆಂಗಸಿಗೂ ಮಗುವಿಗೂ ಕಡಿಮೆ ಎಂದಾಗುವುದಿಲ್ಲ. ಪರಿಮಳ ಚೆನ್ನಾಗಿರಬಹುದು. ಪರಿಮಳ ಪ್ರಮಾಣಪತ್ರವಲ್ಲ.

ಗೆರೆ ಎಲ್ಲಿದೆ

1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಮೇಲೆ ಬರೆದ ಗ್ರಂಥವನ್ನು ನಾವು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದವರು. ಅದರ ತಿರುಳು ಇಷ್ಟು: ಪ್ರಾಪ್ತವಯಸ್ಕನೊಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ತಡೆಯಲು ಸಮಾಜಕ್ಕೆ ಇರುವ ಒಂದೇ ಅಧಿಕಾರ ಇನ್ನೊಬ್ಬರಿಗೆ ಆಗುವ ಹಾನಿಯನ್ನು ತಪ್ಪಿಸುವುದು. ಅವನ ಸ್ವಂತ ಒಳಿತು ಸಾಕಾದ ಕಾರಣವಲ್ಲ. ಚುಂಗಾಣಿಯವರ ಪರ ವಾದಿಸುವವರೆಲ್ಲ ಈ ಮಿಲ್ಲನನ್ನು ಕರೆತರುತ್ತಾರೆ. ಆದರೆ ಅದೇ ಮಿಲ್, ವಿಷ ಪದಾರ್ಥದ ಡಬ್ಬಿಯ ಮೇಲೆ ಅಪಾಯದ ಸೂಚನೆ ಬರೆಯಿಸುವುದು ಸ್ವಾತಂತ್ರ್ಯಭಂಗವಲ್ಲ ಎಂದೂ ಹೇಳಿದ್ದಾನೆ. ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂದು ತಿಳಿದಿರಬೇಡವೇ ಎಂಬುದು ಅವನ ತರ್ಕ. ಮಕ್ಕಳಿಗೆ ಈ ಸೂತ್ರ ಅನ್ವಯಿಸದೆಂದೂ ಹೇಳಿದ್ದಾನೆ. ಇಡೀ ಮಿಲ್ಲನನ್ನು ಒಪ್ಪಿಕೊಂಡರೆ ಸಾರ್ವಜನಿಕ ಸ್ಥಳದ ನಿಷೇಧ, ಪೊಟ್ಟಣದ ಎಚ್ಚರಿಕೆ, ವಯಸ್ಸಿನ ಮಿತಿ ಮೂರನ್ನೂ ಒಪ್ಪಿಕೊಂಡಂತೆ.

ನಮ್ಮ ಕಾನೂನು ಬೆಳೆದ ಬಗೆ ಹೀಗಿದೆ. 1975ರ ಕಾಯ್ದೆ ಸಿಗರೇಟಿನ ಪೊಟ್ಟಣಕ್ಕೆ ಮಾತ್ರ ಎಚ್ಚರಿಕೆ ಬರೆಯಿಸಿತು. ಬೀಡಿಗೂ ಚುಂಗಾಣಿಯ ತಂಬಾಕಿಗೂ ಅದು ತಾಗಲಿಲ್ಲ. 1999ರಲ್ಲಿ ಕೇರಳದ ಹೈಕೋರ್ಟು ಸಾರ್ವಜನಿಕ ಧೂಮಪಾನವನ್ನು ತಡೆಯಿತು. 2001ರ ನವೆಂಬರ್ 2ರಂದು ಮುರಳಿ ದೇವರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅದನ್ನು ಅನ್ವಯಿಸಿತು. ಆ ತೀರ್ಪಿನ ಮರ್ಮವನ್ನು ಗಮನಿಸಬೇಕು. ಸೇದದವನೊಬ್ಬ ಕೆಲಸದ ಮೇಲೆ ಕಚೇರಿಗೋ ಬಸ್ಸಿಗೋ ಬರಲೇಬೇಕಾಗುತ್ತದೆ. ಅಷ್ಟೇ ಕಾರಣಕ್ಕೆ ಅವನು ರೋಗಕ್ಕೆ ತುತ್ತಾಗಬೇಕೆಂದರೆ ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿಗೆ ಅರ್ಥವೇನು? ಅಂದರೆ ಇಲ್ಲಿ ಸ್ವಾತಂತ್ರ್ಯಕ್ಕೆ ಎದುರಾಗಿ ನಿಂತದ್ದು ಸರ್ಕಾರದ ಹುಕುಮಲ್ಲ, ಇನ್ನೊಬ್ಬನ ಸ್ವಾತಂತ್ರ್ಯ.

2003ರಲ್ಲಿ ಬಂದ ಕಾಯ್ದೆಯಲ್ಲಿ (ಪತ್ರಿಕೆಗಳು ಕೋಟ್ಪಾ ಎಂದು ಬರೆಯುವುದು ಇದನ್ನೇ) ಧೂಮಪಾನವೆಂದರೆ ಸಿಗರೇಟು, ಚುಟ್ಟ, ಬೀಡಿಗಳ ಜೊತೆ ಕೊಳವೆಯ ಮೂಲಕ ಸೇದುವುದೂ ಸೇರಿದೆ. ಆದುದರಿಂದ "ನನ್ನದು ಸಿಗರೇಟಲ್ಲ" ಎಂಬ ವಾದಕ್ಕೆ ಅವಕಾಶವಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳ ಪ್ರಕಾರ ಕಚೇರಿ, ಕೆಲಸದ ಸ್ಥಳ, ಹೋಟೆಲು, ಬಸ್ ನಿಲ್ದಾಣ ಎಲ್ಲ ಸಾರ್ವಜನಿಕ ಸ್ಥಳಗಳೇ. ಮೂವತ್ತು ಕೋಣೆಗಳ ವಸತಿಗೃಹ, ಮೂವತ್ತು ಆಸನಗಳ ಉಪಾಹಾರಗೃಹ, ವಿಮಾನ ನಿಲ್ದಾಣ ಇವುಗಳಲ್ಲಿ ಮಾತ್ರ ಪ್ರತ್ಯೇಕ ಜಾಗ ಮಾಡಬಹುದು. ಬಾಗಿಲಲ್ಲಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕವಿರಬೇಕು. ಬೂದಿಬಟ್ಟಲು, ಬೆಂಕಿಪೊಟ್ಟಣ ಒದಗಿಸಕೂಡದು. ಯಾರಾದರೂ ಸೇದಿ ಸಿಕ್ಕಿಬಿದ್ದು ಸ್ಥಳದ ಉಸ್ತುವಾರಿಯವರು ಅದನ್ನು ತಡೆದಿಲ್ಲವೆಂದಾದರೆ ಅವರೂ ದಂಡ ತೆರಬೇಕು. ಸಂಘದ ಕಚೇರಿ ಮತ್ತು ಗೋದಾಮಿನ ಮಟ್ಟಿಗೆ ಆ ಉಸ್ತುವಾರಿ ಎಂದರೆ ಕಾರ್ಯದರ್ಶಿ. ಸದಸ್ಯರ ಸೇದುವ ಸ್ವಾತಂತ್ರ್ಯಕ್ಕೆ ನಮ್ಮ ಜೇಬು ಜಾಮೀನು ನಿಲ್ಲಬೇಕೆಂದರೆ ನಾವು ಒಪ್ಪಲಾರೆವು!

ಕಾನೂನು ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ವಂತ ಮನೆ, ಜಗಲಿ, ಅಂಗಳ, ಬಯಲು ತೋಟ ಇವು ಕಾಯ್ದೆಯ ಸಾರ್ವಜನಿಕ ಸ್ಥಳವಲ್ಲ. ಲೈನುಮನೆ ಆಳಿನ ಮನೆ, ಅದೂ ಅಲ್ಲ. ಸಂಜೆ ಜಗಲಿಯ ಮೇಲೆ ಕೂತು ಚುಂಗಾಣಿ ತುಂಬುವ ಹಿರಿಯರನ್ನು ಇಂದು ಯಾವ ಅಮಲ್ದಾರನೂ ಮುಟ್ಟುವಂತಿಲ್ಲ. ಆದರೆ ಪಲ್ಪರ್ ಮನೆ, ಗೋದಾಮು, ಸುಲಿಯುವ ಚಪ್ಪರದ ಮಾತು ಬೇರೆ. ಅವು ಹತ್ತು ಜನ ಕೆಲಸ ಮಾಡುವ ಸ್ಥಳ. ಕಾನೂನನ್ನು ಬದಿಗಿಟ್ಟರೂ, ಒಣ ಚೆರಿ ಚೀಲ, ಅಡಿಕೆ ಸಿಪ್ಪೆಯ ರಾಶಿಗಳ ಪಕ್ಕ ಕೆಂಡ ಹಿಡಿದು ಓಡಾಡುವವರಿಗೆ ಹೇಳಬೇಕಾದ್ದು ಬೇರೆಯೇ ಇದೆ.

ಕರ್ನಾಟಕದ ತಿದ್ದುಪಡಿ 2024ರಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಗಳ ಒಪ್ಪಿಗೆಯ ನಂತರ 2025ರ ಮೇ ಕೊನೆಗೆ ಜಾರಿಯಾಯಿತು. ತಂಬಾಕು ಕೊಳ್ಳುವವನ ವಯಸ್ಸು 18ರಿಂದ 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದವನ ದಂಡದ ಮಿತಿ 200 ರೂಪಾಯಿಯಿಂದ 1000ಕ್ಕೆ ಏರಿತು. ಹುಕ್ಕಾ ಅಂಗಡಿ ನಡೆಸಿದವನಿಗೆ 1ರಿಂದ 3 ವರ್ಷ ಸೆರೆವಾಸ, 50 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ. ಹುಕ್ಕಾ ನಿಷೇಧದ ಸರ್ಕಾರಿ ಆದೇಶವನ್ನು ಹೈಕೋರ್ಟು ಅದಕ್ಕೆ ಮೊದಲೇ, 2024ರ ಏಪ್ರಿಲಿನಲ್ಲಿ, ಎತ್ತಿಹಿಡಿದಿತ್ತು.

ಸ್ವಾತಂತ್ರ್ಯ ಯಾರದು

ಈ ಮೊಕದ್ದಮೆಗಳ ಅರ್ಜಿದಾರರು ಯಾರೆಂದು ನೋಡುವುದು ಒಳ್ಳೆಯ ಅಭ್ಯಾಸ. ಹುಕ್ಕಾ ಪ್ರಕರಣದಲ್ಲಿ ಕೋರ್ಟಿಗೆ ಹೋದವರು ಹುಕ್ಕಾ ಒದಗಿಸುವ ಉಪಾಹಾರಗೃಹದವರು, ಸೇದುವವರಲ್ಲ. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮವನ್ನು 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ರದ್ದು ಮಾಡಿತ್ತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಅಲ್ಲಿಯೂ ಅರ್ಜಿದಾರರು ತಯಾರಕರೇ. ಇಂಗ್ಲೆಂಡಿನಲ್ಲಿ ಸೇದುವವರ ಹಕ್ಕಿಗಾಗಿ 1979ರಲ್ಲಿ ಸ್ಥಾಪನೆಯಾದ ಫಾರೆಸ್ಟ್ ಎಂಬ ಸಂಸ್ಥೆಯ ಸ್ಥಾಪಕರು ವಾಯುಸೇನೆಯ ನಿವೃತ್ತ ದೊಡ್ಡ ಅಧಿಕಾರಿ ಸರ್ ಕ್ರಿಸ್ಟೋಫರ್ ಫಾಕ್ಸ್ಲಿ-ನಾರಿಸ್, ಸಂಸ್ಥೆಗೆ ಬಹುಪಾಲು ಹಣ ಕೊಡುತ್ತಬಂದವು ತಂಬಾಕು ಕಂಪನಿಗಳು. ಅದೇ ದೇಶದಲ್ಲಿ 1964ರಿಂದ ವರ್ಷದ ಚುಂಗಾಣಿಗನೆಂಬ ಬಿರುದೊಂದನ್ನು ಕೊಡುತ್ತಿದ್ದರು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಮೊದಲಾಗಿ ಹಲವು ಗಣ್ಯರು ಅದನ್ನು ಪಡೆದರು. ತಂಬಾಕಿನ ಪ್ರಚಾರವನ್ನು ನಿಷೇಧಿಸಿದ ಕಾನೂನಿನ ಭಯದಿಂದ 2004ರಲ್ಲಿ ಬಿರುದು ನಿಂತಿತು. ಚುಂಗಾಣಿ ಕಚ್ಚಿದ ಪ್ರೊಫೆಸರರ, ಪ್ರಧಾನಿಯ ಮುಖ ಪೋಸ್ಟರಿನಲ್ಲಿ, ಮಾರಾಟ ಮಾತ್ರ ಸಿಗರೇಟಿನದು!

ಸೇದುವವನ ಸ್ವಾತಂತ್ರ್ಯ ಬೇರೆ, ಮಾರುವವನ ಸ್ವಾತಂತ್ರ್ಯ ಬೇರೆ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ ಹೊಲಿದವರ ಮಾತಿಗೆ ನಾವು ಮರುಳಾಗಬಾರದು. ಜೊತೆಗೆ ನಿಕೋಟಿನ್ನಿನ ಗುಣವೇ ಬಿಡಿಸದಂತೆ ಹಿಡಿಯುವುದು. ಹದಿನಾರರ ಹುಡುಗ ಶಾಲೆಯ ಪಕ್ಕದ ಗೂಡಂಗಡಿಯಲ್ಲಿ ಕಲಿತದ್ದನ್ನು ನಲವತ್ತರಲ್ಲಿ ಅವನ ಸ್ವತಂತ್ರ ಆಯ್ಕೆ ಎಂದು ಕರೆಯಲು ನಮ್ಮ ನಾಲಿಗೆ ತಡವರಿಸುತ್ತದೆ.

ಆದರೂ ಚುಂಗಾಣಿಯ ಹಿರಿಯರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ನ್ಯೂಜಿಲೆಂಡ್ 2022ರಲ್ಲಿ, ಒಂದು ದಿನಾಂಕದ ನಂತರ ಹುಟ್ಟಿದವರಿಗೆ ಬದುಕಿರುವವರೆಗೂ ತಂಬಾಕು ಮಾರಕೂಡದೆಂದು ಕಾನೂನು ಮಾಡಿ 2024ರಲ್ಲಿ ಹಿಂತೆಗೆದುಕೊಂಡಿತು. ಮಾಲ್ಡೀವ್ಸ್ 2025ರ ನವೆಂಬರಿನಿಂದ ಅಂಥದೇ ಕಾನೂನನ್ನು ಜಾರಿಗೊಳಿಸಿದೆ. ಅಲ್ಲಿ 2007ರಿಂದೀಚೆಗೆ ಹುಟ್ಟಿದವರಿಗೆ ತಂಬಾಕಿಲ್ಲ. ಐವತ್ತು ವರ್ಷದ ಗೃಹಸ್ಥನೊಬ್ಬನು ಅಂಗಡಿಯಲ್ಲಿ ಹುಟ್ಟಿದ ತಾರೀಖಿನ ಪುರಾವೆ ತೋರಿಸಿ, ನೀನು ಒಂದು ವರ್ಷ ತಡವಾಗಿ ಹುಟ್ಟಿದೆ ಎನ್ನಿಸಿಕೊಳ್ಳುವ ಕಾಲ ಬಂದರೆ, ಅಲ್ಲಿ ಗೆರೆ ದಾಟಿದೆ ಎಂಬುದೇ ನಮ್ಮ ಅಭಿಪ್ರಾಯ. ಇನ್ನೊಬ್ಬರ ಗಾಳಿಯನ್ನು ಕೆಡಿಸದೆ, ಮಕ್ಕಳಿಗೆ ಮಾರದೆ, ತಿಳಿದೂ ತಿಳಿದೂ ತನ್ನ ಜಗಲಿಯಲ್ಲಿ ಸೇದುವವನನ್ನು ಅವನ ಪಾಡಿಗೆ ಬಿಡಬೇಕು. ವೈದ್ಯರು ಬುದ್ಧಿ ಹೇಳಲಿ, ಹೆಂಡತಿ ಮಕ್ಕಳು ಹೇಳಲಿ. ಪೊಲೀಸು ಹೇಳುವುದು ಬೇಡ.

ಇನ್ನು ನಮ್ಮ ಬೆಳೆ

2003ರ ಕಾಯ್ದೆಯ ಅನುಸೂಚಿಯಲ್ಲಿ ಚುಂಗಾಣಿಯ ತಂಬಾಕು, ಹುಕ್ಕಾದ ತಂಬಾಕು, ನಶ್ಯ, ಜಗಿಯುವ ಹೊಗೆಸೊಪ್ಪು, ಗುಟ್ಕಾ, ತಂಬಾಕು ಬೆರೆಸಿದ ಪಾನ್‌ಮಸಾಲೆ ಇವೆ. ಬರಿಯ ಅಡಿಕೆ ಅದರಲ್ಲಿಲ್ಲ. ಗುಟ್ಕಾ ನಿಷೇಧಕ್ಕೆ ದಾರಿಯಾದದ್ದು ಇನ್ನೊಂದು ಕಾನೂನು. ಆಹಾರ ಸುರಕ್ಷತೆಯ 2011ರ ನಿಬಂಧನೆಗಳು ಯಾವ ಆಹಾರದಲ್ಲೂ ತಂಬಾಕನ್ನಾಗಲಿ ನಿಕೋಟಿನ್ನನ್ನಾಗಲಿ ಬೆರೆಸಕೂಡದೆಂದವು. ಅದರ ಆಧಾರದ ಮೇಲೆ 2012ರಲ್ಲಿ ಮಧ್ಯಪ್ರದೇಶ, 2013ರ ಮೇ 31ರಂದು ಕರ್ನಾಟಕ ಗುಟ್ಕಾವನ್ನು ನಿಷೇಧಿಸಿದವು. ವ್ಯಾಪಾರಿಗಳು ತಡಮಾಡಲಿಲ್ಲ, ಒಂದು ಚೀಟಿಯಲ್ಲಿ ಪಾನ್‌ಮಸಾಲೆ, ಇನ್ನೊಂದರಲ್ಲಿ ತಂಬಾಕು ಎಂದು ಎರಡು ಮಾಡಿದರು. ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ನಮ್ಮ ಕೆಂಪಡಿಕೆಯ ಒಂದು ದೊಡ್ಡ ಪಾಲು ಆ ಅಂಗೈಗೇ ಹೋಗುತ್ತಿದೆ ಎಂಬುದನ್ನು ಸದಸ್ಯರು ಮರೆಯಕೂಡದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 10.7 ಮಂದಿ ಹೊಗೆ ಸೇದುವವರು, 21.4 ಮಂದಿ ಹೊಗೆಯಿಲ್ಲದ ತಂಬಾಕಿನವರು. ಅಂದರೆ ನಮ್ಮ ದೇಶದ ತಂಬಾಕು ಹೆಚ್ಚಾಗಿ ಇಳಿಯುವುದು ಬಾಯಿಗೆ, ಎದೆಗಲ್ಲ. ನಮ್ಮ ತೋಟದ ಹೆಣ್ಣಾಳುಗಳ ಸೊಂಟದ ಚೀಲವನ್ನು ನೋಡಿದರೂ ಸಾಕು. ಹಸಿವು ಮರೆಯಲು ಹಾಕಿಕೊಳ್ಳುವ ಆ ಎಸಳನ್ನು ಸ್ವಾತಂತ್ರ್ಯದ ಗ್ರಂಥಗಳು ಲೆಕ್ಕಕ್ಕೆ ಹಿಡಿದಂತಿಲ್ಲ.

"ಹೊಗೆಸೊಪ್ಪು ಬಿಟ್ಟರೆ ಅಡಿಕೆ ನಿರ್ದೋಷಿ" ಎಂಬುದು ನಮ್ಮವರ ಸಭೆಗಳಲ್ಲಿ ಚಪ್ಪಾಳೆ ಬೀಳುವ ಮಾತು. ದುಃಖದ ಸಂಗತಿಯೆಂದರೆ ಸಾಕ್ಷ್ಯ ಅಷ್ಟು ಅನುಕೂಲವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದಿತ್ತು. 2004ರ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲ ವರ್ಗಕ್ಕೆ ಸೇರಿಸಿತು. ಬಾಯಿಯ ಒಳಪೊರೆ ಬಿಗಿದು ದವಡೆ ತೆರೆಯಲಾಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಕ್ಕೆ ಅಡಿಕೆಯೇ ಕಾರಣವೆಂಬುದರಲ್ಲಿ ವೈದ್ಯರಿಗೆ ಸಂಶಯ ಉಳಿದಿಲ್ಲ. ಚೀಟಿಯ ಸರಕು ಜಗಿಯುವ ಹುಡುಗರಲ್ಲಿ ಅದು ಬೇಗ ಬರುತ್ತದೆ. ಮೊದಲ ವರ್ಗವೆಂದರೆ ಸಾಕ್ಷ್ಯ ಗಟ್ಟಿಯೆಂದು ಅರ್ಥ, ಅಪಾಯದ ಪ್ರಮಾಣ ಎಲ್ಲಕ್ಕೂ ಒಂದೇ ಎಂದಲ್ಲ. ಬಿಸಿಲೂ ಮದ್ಯವೂ ಅದೇ ಪಟ್ಟಿಯಲ್ಲಿವೆ. ಊಟದ ನಂತರ ಒಂದು ಕವಳ ಹಾಕಿ ಉಗುಳುವ ಅಜ್ಜನಿಗೂ ದಿನಕ್ಕೆ ಇಪ್ಪತ್ತು ಚೀಟಿ ಹರಿಯುವ ಲಾರಿ ಕ್ಲೀನರನಿಗೂ ಇರುವ ಅಂತರವನ್ನು ಆ ಪಟ್ಟಿ ಹೇಳುವುದಿಲ್ಲ. ಆದರೆ ಪಟ್ಟಿಯನ್ನೇ ಸುಳ್ಳೆನ್ನುವುದು ಜಾಣತನವಲ್ಲ.

ಪಟ್ಟಿ ಬದಲಾಗುವುದೂ ಉಂಟು. ಅದೇ ಸಂಸ್ಥೆ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿನ ಸಂಶಯದ ವರ್ಗದಲ್ಲಿಟ್ಟಿತ್ತು. 2016ರಲ್ಲಿ ಆ ಸಂಶಯವನ್ನು ತೆಗೆದುಹಾಕಿತು, 65 ಡಿಗ್ರಿಗೂ ಮೀರಿ ಸುಡುವ ಯಾವ ಪಾನೀಯವೂ ಒಳ್ಳೆಯದಲ್ಲವೆಂದು ಮಾತ್ರ ಎಚ್ಚರಿಸಿತು. ಕಾಫಿಯನ್ನು ಬಿಡಿಸಿದ್ದು ಬೆಳೆಗಾರರ ಘೋಷಣೆಯಲ್ಲ, ಕಾಲು ಶತಮಾನದ ಅಧ್ಯಯನ. ಅಡಿಕೆಯ ವಿಷಯದಲ್ಲಿ ಅಂಥ ಬಿಡುಗಡೆ ಸಿಕ್ಕೀತೆಂದು ಆಸೆ ಹುಟ್ಟಿಸುವುದು ನಮ್ಮಿಂದಾಗದು.

ಆದುದರಿಂದ ಚುಂಗಾಣಿಗೆ ಹೇಳಿದ ಮಾತನ್ನೇ ಅಡಿಕೆಗೂ ಹೇಳಬೇಕಾಗುತ್ತದೆ. ಅಡಿಕೆಯ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮ ಈಗಾಗಲೇ ಇದೆ. ಅದನ್ನು ತೆಗೆಸಲು ಹೋರಾಡುವುದರಲ್ಲಿ ಹುರುಳಿಲ್ಲ. ಮಕ್ಕಳಿಗೆ ಮಾರುವುದರ ವಿರುದ್ಧ, ತಂಬಾಕಿನ ಜೋಡಿ ಚೀಟಿಯ ವಿರುದ್ಧ ಸರ್ಕಾರಕ್ಕಿಂತ ಮೊದಲು ನಾವೇ ಮಾತಾಡಿದರೆ, ಪ್ರಾಪ್ತವಯಸ್ಕನ ತಟ್ಟೆಯ ಕವಳವನ್ನು ಮತ್ತು ಅದನ್ನು ನಂಬಿದ ಎರಡು ಎಕರೆಯ ತೋಟದವನನ್ನು ಉಳಿಸಿಕೊಡಿ ಎಂದು ಕೇಳುವ ಮುಖ ನಮಗೆ ಉಳಿಯುತ್ತದೆ. ಧಾರಣೆಗೆ ಪೆಟ್ಟು ಬೀಳಬಹುದೆಂದು ಆಡಳಿತ ಮಂಡಳಿಯಲ್ಲಿಯೇ ಕೆಲವರ ಆಕ್ಷೇಪಣೆ ಇದೆ. ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಅಡಿಕೆಯೊಂದನ್ನೇ ನಂಬದೆ ಕಾಳುಮೆಣಸು, ಕೋಕೋ, ಜಾಯಿಕಾಯಿಗಳನ್ನು ತೋಟಕ್ಕೆ ಸೇರಿಸಿಕೊಂಡವರಿಗೆ ಅದು ಸ್ವಲ್ಪ ಹಗುರವಾಗಬಹುದು, ಅಷ್ಟೆ.

ಈ ಕುರಿತ ಠರಾವಿನ ಕರಡನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಲಾಗಿದೆ. ಒಪ್ಪುವವರೂ ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಸಹಿ ಮತ್ತು ಸದಸ್ಯತ್ವ ಸಂಖ್ಯೆಯೊಡನೆ ಸಭೆಗೆ 15 ದಿನ ಮೊದಲು ಕಚೇರಿಗೆ ತಲಪಿಸಬೇಕು. ತಡವಾಗಿ ಬಂದ ಪತ್ರಗಳನ್ನು ಸಭೆಯ ಮುಂದಿಡಲಾಗುವುದಿಲ್ಲ.